ಅಕ್ಕನ ಬೆರಳಿಗೆ ಬಿದ್ದ ಹಸಿರು ಪಟ್ಟೆ

ನಮ್ಮ ಚಿಕ್ಕಪ್ಪನಿಗೆ ಸೋಲುವುದೇ ಗೊತ್ತಿಲ್ಲ ಎಂದರೆ ನೀವು ಹೊಗಳಿಕೆ ಎಂದುಕೊಳ್ಳುತ್ತೀರಿ. ಅವರ ಜೊತೆ ಒಂದು ವಾರ ಇದ್ದು ನೋಡಿ, ಅದೊಂದು ಕಾಯಿಲೆ ಎಂದು ತಿಳಿಯುತ್ತದೆ!

ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿ ನಂಜನಗೂಡಿನಲ್ಲಿರುವ ಅವರು ಒಂದು ಹಳೇ ಕಂಪ್ಯೂಟರ್ ಕೊಂಡು ಲಿನಕ್ಸ್ ಎಂಬ ಬಿಟ್ಟಿ ಕಾರ್ಯವ್ಯವಸ್ಥೆ ಹಾಕಿಕೊಂಡರು. ಉದ್ದೇಶ ಒಂದೇ: ಟಿ. ನರಸೀಪುರದಲ್ಲಿರುವ ಅಕ್ಕನೊಡನೆ ಸಂಜೆಯ ವಿಡಿಯೊ ಮಾತು. ನನ್ನ ಈ ಅತ್ತೆಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಅಕ್ಕ-ತಮ್ಮ ಇಬ್ಬರೂ ಚಿಕ್ಕಂದಿನಲ್ಲೇ ಒಂದು ಕೈಸನ್ನೆಯ ಭಾಷೆ ಕಟ್ಟಿಕೊಂಡಿದ್ದರು. ಬಾಳೆಹಣ್ಣು ಸುಲಿದಂತೆ ಮಾಡಿದರೆ ನಂಜನಗೂಡು. ಎರಡು ಬೆರಳು ನದಿಗಳಂತೆ ಹರಿದು ಬಂದು ಕೂಡಿದರೆ ನರಸೀಪುರ. ಲೋಕದಲ್ಲಿ ಈ ಭಾಷೆ ಬಲ್ಲವರು ಇಬ್ಬರೇ. ಫೋನಿನ ಪುಟ್ಟ ಪರದೆಯಲ್ಲಿ ಆ ಬೆರಳುಗಳು ಚಿಕ್ಕಪ್ಪನ ಕಣ್ಣಿಗೆ ನಿಲುಕವು.

ಒಂದು ದಿನ ಕಂಪ್ಯೂಟರಿನ ಪರದೆಯ ತುಂಬ ಹಸಿರು ಪಟ್ಟೆ! ಅತ್ತೆಯ ಮುಖ ಇಲ್ಲಿ, ಮೂಗು ಅಲ್ಲಿ, ಬೆರಳು ಎಲ್ಲೂ ಇಲ್ಲ.

"ನೋಡ್ಲಾ ಈ ಗ್ರಾಚಾರವ," ಎಂದು ಸ್ಕ್ರೀನ್‌ಶಾಟ್ ತೆಗೆದು ಮೈಸೂರಿನಲ್ಲಿದ್ದ ನನಗೆ ಕಳಿಸಿದರು. ನನ್ನ ಫೋನಿನಲ್ಲಿ ಅತ್ತೆ ನಿಚ್ಚಳವಾಗಿದ್ದರು.

"ಸರಿಯಾಗೇ ಇದೆಯಲ್ಲ ಚಿಕ್ಕಪ್ಪ?"

"ಅಂಗಾರೆ ನಾನು ಸುಳ್ಳ ಏಳ್ತಿದ್ದೀನಾ?"

ಮತ್ತಷ್ಟು ಕಳಿಸಿದರು. ಒಂದರಲ್ಲೂ ಪಟ್ಟೆಯಿಲ್ಲ! ಸಾಕ್ಷಿಯೇ ಎದುರು ಪಕ್ಷ ಸೇರಿದರೆ ಯಾರೇನು ಮಾಡಬೇಕು? ಭಾನುವಾರ ನಾನೇ ಹೋಗಿ ನೋಡಿದೆ, ಪಟ್ಟೆ ನಿಜ. ಚಿಕ್ಕಪ್ಪ ಕೇಬಲ್ ಬದಲಾಯಿಸಿದರು, ಬೇರೆ ಮಾನಿಟರ್ ಎರವಲು ತಂದರು. ಪಟ್ಟೆ ಹೋಗಲಿಲ್ಲ.

ಕಂಪ್ಯೂಟರ್ ಅಂಗಡಿಯವನು, "ಸಾ, ಲಿನಕ್ಸ್ ತೆಗ್ದು ಬೇರೆ ಆಕ್ಬುಡ್ಲಾ?" ಎಂದ.

"ಕಾಲು ನೋವು ಅಂದ್ರೆ ಕಾಲ್ನೇ ತೆಗ್ದು ಬೇರೆ ಆಕ್ಸ್ಕತೀಯಾ ನೀನು?"

ಚಿಕ್ಕಪ್ಪನ ತರ್ಕ ಹೀಗಿತ್ತು: "ಸ್ಕ್ರೀನ್‌ಶಾಟ್ ಸರಿಯಾಗೇ ಅದೆ ಅಂದ್ರೆ ಒಳಗೆ ಚಿತ್ರ ಸರಿಯಾಗೇ ಅದೆ, ಮಾನಿಟರೂ ಸರಿಯಾಗೇ ಅದೆ. ದಾರೀಲಿ ಕೆಡ್ತಾ ಅದೆ ಕಣ್ಲಾ." ಆ ದಾರಿಯ ಉಸ್ತುವಾರಿ ಗ್ರಾಫಿಕ್ಸ್ ಡ್ರೈವರ್ ಎಂಬ ತಂತ್ರಾಂಶದ್ದು. ಅದು ಯಾರು ಬೇಕಾದರೂ ತೆರೆದು ನೋಡಬಹುದಾದ ಮುಕ್ತ ತಂತ್ರಾಂಶ. ಸರಿ, ಚಿಕ್ಕಪ್ಪ ಒಳಹೊಕ್ಕರು! ಅದರ ಒಂದೊಂದೇ ಸೌಲಭ್ಯ ನಿಲ್ಲಿಸುವುದು, ಕಂಪ್ಯೂಟರನ್ನು ಮತ್ತೆ ಶುರು ಮಾಡುವುದು, ನೋಡುವುದು. ಪರೀಕ್ಷೆಗೆ ಅತ್ತೆಯ ಬದಲು ಚಿಕ್ಕಮ್ಮ ಅಡುಗೆಮನೆಯಲ್ಲಿ ಫೋನಿನೆದುರು ನಿಂತು ಕೈ ಆಡಿಸಬೇಕು.

"ಪಕ್ಕದ್ಮನೆಯವ್ರು ನನ್ ಮೈಮೇಲೆ ದೇವ್ರು ಬಂದದೆ ಅಂದ್ಕಂಡವ್ರೆ!" ಎಂದು ಚಿಕ್ಕಮ್ಮ ಕೂಗಿದರು. "ಸಾರು ಸೀದೋಯ್ತು!"

"ಇನ್ನೊಂದ್ಸಲ ಆಡ್ಸು!"

ಇದು ಎಷ್ಟು ದಿನ ನಡೆಯಿತು? ಚಿಕ್ಕಮ್ಮ ತಿಂಗಳು ಎನ್ನುತ್ತಾರೆ, ಚಿಕ್ಕಪ್ಪ ವಾರ ಎನ್ನುತ್ತಾರೆ. ನನ್ನ ನೆನಪನ್ನಂತೂ ನಾನೇ ನಂಬುವುದಿಲ್ಲ. ಕೊನೆಗೆ ಕಳ್ಳ ಸಿಕ್ಕಿದ. ವಿದ್ಯುತ್ ಉಳಿಸಲೆಂದು ಡ್ರೈವರ್ ಚಿತ್ರವನ್ನು ಹಿಂಡಿ ಕಿರಿದಾಗಿಸಿ ಪರದೆಗೆ ಒಯ್ಯುತ್ತಿತ್ತು. ಈ ಹಳೇ ಯಂತ್ರದಲ್ಲಿ ಆ ಹಿಂಡುವಿಕೆಯೇ ಎಡವುತ್ತಿತ್ತು. ಅದನ್ನು ನಿಲ್ಲಿಸಿದ್ದೇ ತಡ, ಪಟ್ಟೆ ಮಾಯ!

"ಗೆದ್ದೆ ಕಣ್ಲಾ!" ಎಂದು, ಅಂದು ಮೈಸೂರಿನಿಂದ ಬಂದಿದ್ದ ನನಗೆ ಹೇಳಿ ಚಿಕ್ಕಪ್ಪ ಅಕ್ಕನಿಗೆ ಕರೆ ಮಾಡಿದರು. ಅತ್ತೆ ಬಂದರು. ಮುಖ, ಮೂಗು, ಹತ್ತೂ ಬೆರಳು ಅದರದರ ಜಾಗದಲ್ಲಿ. ಅವರು ಏನೋ ಹೇಳತೊಡಗಿದರು.

"ಇನ್ನೂ ಅಲ್ಲಾಡ್ತಾ ಅದಲ್ಲೋ," ಎಂದು ಚಿಕ್ಕಪ್ಪ ಕೀಬೋರ್ಡಿಗೆ ಕೈ ಹಾಕಿದರು.

ಅತ್ತೆಯ ಹಿಂದಿನ ಗೋಡೆ ಅಲ್ಲಾಡುತ್ತಿರಲಿಲ್ಲ. ಕ್ಯಾಲೆಂಡರೂ ಅಲ್ಲಾಡುತ್ತಿರಲಿಲ್ಲ. ಬೆರಳುಗಳು ಮಾತ್ರ ನಡುಗುತ್ತಿದ್ದವು.

ಚಿಕ್ಕಪ್ಪ ಕೀಬೋರ್ಡಿನಿಂದ ಕೈ ತೆಗೆದರು. ತಮ್ಮ ನೋಡಿಬಿಟ್ಟನೆಂದು ಅತ್ತೆಗೆ ಗೊತ್ತಾಯಿತು. ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡರು. ಚಿಕ್ಕಪ್ಪ ಸಾವಕಾಶವಾಗಿ ಏನೋ ಸನ್ನೆ ಮಾಡಿದರು.

"ಏನಂದ್ರಿ?" ಎಂದು ಚಿಕ್ಕಮ್ಮ ಕೇಳಿದರು.

ಹುಟ್ಟಿನಿಂದ ಕಿವಿ ಕೇಳದ ಅಕ್ಕನಿಗೆ ಎಲ್ಲಿ ಕೇಳಿಸಿಬಿಡುತ್ತದೋ ಎಂಬಂತೆ ಚಿಕ್ಕಪ್ಪ ಪಿಸುಗುಟ್ಟಿದರು:

"ನನ್ ಪರದೆ ಇನ್ನೂ ಕೆಟ್ಟೇ ಅದೆ, ನಿದಾನಕ್ಕೆ ಮಾತಾಡಕ್ಕಾ, ಅಂದೆ."

ಸೆರಗಿನೊಳಗಿಂದ ಅತ್ತೆಯ ಕೈ ಮೆಲ್ಲಗೆ ಹೊರಗೆ ಬಂತು.