ತಡೀರಿ, ಬೆಳಕು ಬರಲಿ

ನಮ್ಮ ಕಾಕಾ ದೊಡ್ಡ ಫೋಟೋಗ್ರಾಫರ್. ಬೇಕಾದರೆ ಯಾರನ್ನಾದರೂ ಕೇಳಿ. ಅವರು ತೆಗೆದ ಫೋಟೋ ತೋರಿಸಿ ಎಂದು ಮಾತ್ರ ಕೇಳಬೇಡಿ! ಇದ್ದರೆ ತಾನೆ ತೋರಿಸುವುದು? ಕೊರಳಲ್ಲಿ ಕ್ಯಾಮೆರಾ ಇಲ್ಲದ ಕಾಕಾನನ್ನು ಓಝರಿನ ವಿಮಾನ ಕಾರ್ಖಾನೆಯ ಕಾಲೊನಿಯಲ್ಲಿ ಯಾರೂ ಕಂಡಿರಲಿಲ್ಲ. ಅದರ ಗುಂಡಿ ಒತ್ತಿದ ಕಾಕಾನನ್ನೂ ಯಾರೂ ಕಂಡಿರಲಿಲ್ಲ. ಯಾವಾಗ ಕೇಳಿದರೂ ಒಂದೇ ಮಾತು: "ತಡೀರಿ, ಬೆಳಕು ಬರಲಿ." ಆ ಮಾತಿಗೆ ನಾವು ಎಷ್ಟು ನಕ್ಕಿದ್ದೇವೆ!

ಚಾಂದವಡದಲ್ಲಿ ಅವರ ಪರಿಚಯದ ಈರುಳ್ಳಿ ವ್ಯಾಪಾರಿಯ ಮಗಳ ಮದುವೆ. ಕಾಕಾ ಬೀಗರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಮೋಡ ಸರಿಯಲಿ ಎಂದರು. ಮೋಡ ಸರಿಯಿತು. ಬಿಸಿಲು ಜೋರಾಯಿತು, ಇಳಿಯಲಿ ಎಂದರು. ಮುದುಕರು ಈರುಳ್ಳಿ ಚೀಲಗಳ ಮೇಲೆ ಕೂತರು, ಮಕ್ಕಳು ಅಲ್ಲೇ ನಿದ್ದೆ ಹೋದವು. ಕಾಕಾನ ಬೆಳಕು ಬರುವ ಹೊತ್ತಿಗೆ ಮದುಮಗಳು ಗಂಡನ ಮನೆಗೆ ಹೊರಟುಹೋಗಿದ್ದಳು! ಅವಳ ಅಪ್ಪ ಸಿಟ್ಟಿನಿಂದ ಕೆಂಪಾಗಿದ್ದಾಗ ಕಾಕಾನ ಹೆಂಡತಿ, ನಮ್ಮ ಕಾಕು, ಸಮಾಧಾನ ಹೇಳಿದ್ದು ಹೀಗೆ: "ಇರ್ಲಿ ಬಿಡ್ರಿ, ಬಾಣಂತನಕ್ಕ ಬರ್ತಾಳಲ್ಲ, ಆವಾಗ ಕೂಸಿನ ಜೋಡಿನೇ ತೆಗೀತಾರ."

ಕಾಕು ಅಂದರೆ ಹಾಗೆ. ಕಾಕಾನ ಹುಚ್ಚನ್ನು ನಗುನಗುತ್ತ ಹೊತ್ತುಕೊಂಡವಳು.

ಕಾರ್ಖಾನೆಯಲ್ಲಿ ಕ್ಯಾಮೆರಾ ಹುಚ್ಚಿನ ಗೆಳೆಯರ ಗುಂಪೊಂದಿತ್ತು. ಔರಂಗಾಬಾದಿಗೆ ಹೋಗಿ, ಬೀಬಿ ಕಾ ಮಕ್ಬರಾದ ತೋಟದಲ್ಲಿ ಒಬ್ಬ ಮಾಡೆಲ್ಲನ್ನು ನಿಲ್ಲಿಸಿ, ಎಲ್ಲರೂ ಕೂಡಿ ಫೋಟೋ ತೆಗೆಯಬೇಕೆಂದು ಅವರಿಗೆ ಹೊಳೆಯಿತು. ಮಾಡೆಲ್ ಎಲ್ಲಿಂದ ತರುವುದು? ಆ ಶಬ್ದ ಕೇಳಿದರೇ ಕಾಲೊನಿಯ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ ಅದು! ಕಾಕಾ ಮನೆಗೆ ಬಂದು ಮೆಲ್ಲಗೆ ಬಾಯಿಬಿಟ್ಟರು.

"ಮಾಡೆಲ್ ಅಂದ್ರ ಏನು ಮಾಡಬೇಕ್ರೀ?" ಎಂದಳು ಕಾಕು.

"ಏನೂ ಮಾಡಬಾರದು. ಸುಮ್ನ ನಿಂತಿರಬೇಕು."

"ಅಯ್ಯ, ಈ ಮನ್ಯಾಗ ಅಂಥಾ ಭಾಗ್ಯ ಎಲ್ಲಿ ಅದ? ನಡೀರಿ, ಬರ್ತೀನಿ!"

ಕಾಲೇಜಿಗೆಂದು ಅವರ ಮನೆಯಲ್ಲೇ ಇದ್ದ ನಾನೂ ನಸುಕಿನ ಎಸ್‌ಟಿ ಬಸ್ಸು ಹತ್ತಿದೆ. ಹಸಿರು ಇಳಕಲ್ ಸೀರೆ ಉಟ್ಟ ಕಾಕು ಕಾರಂಜಿಯ ಪಕ್ಕ ನಿಂತಳು. ಗೆಳೆಯರೆಲ್ಲ ಅವಳ ಸುತ್ತ ಕ್ಯಾಮೆರಾ ಹಿಡಿದು ನಿಂತರು. ಮುಖಕ್ಕೆ ನೆರಳು ಬೀಳುತ್ತದೆಂದು ಕಾಕಾ ಒಂದು ಪಕ್ಕಕ್ಕೆ ಹೋಗಿ, ಚೀಲದಲ್ಲಿ ತಂದಿದ್ದ ತಮ್ಮ ಮದುವೆಯ ಬಿಳಿ ದೋತರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಅದಕ್ಕೆ ಬಡಿದ ಬಿಸಿಲು ಮೆತ್ತಗಾಗಿ ಕಾಕುವಿನ ಕೆನ್ನೆಗೆ ಬಿತ್ತು. ಗೆಳೆಯರಿಗೆಲ್ಲ ಅವಳು ವಹಿನಿ, ಅಂದರೆ ಅತ್ತಿಗೆ. ಮುಂದೆ ಶುರುವಾಯಿತು ನೋಡಿ ಗದ್ದಲ, ಕನ್ನಡದಲ್ಲೂ ಮರಾಠಿಯಲ್ಲೂ!

"ವಹಿನಿ, ಇಲ್ಲಿ ನೋಡ್ರಿ!"

"ವಹಿನಿ, ಇಕಡೇ ಬಘಾ!"

ಕ್ಯಾಮೆರಾ ಅಷ್ಟೊಂದು, ಪಾಪ, ಅವಳಿಗೆ ಇದ್ದದ್ದು ಎರಡೇ ಕಣ್ಣು! ಆ ಎರಡನ್ನೂ ಅವಳು ದೋತರದ ಕಡೆಗೇ ನೆಟ್ಟಿದ್ದಳು.

"ರೀ, ಕೈ ನೋಯ್ತಾವೇನು?"

"ಮಾತಾಡಬ್ಯಾಡ, ತುಟಿ ಅಲಗ್ತಾವ."

"ನೀವು ಯಾವಾಗ ತೆಗೀತೀರಿ?"

"ತಡಿ, ಬೆಳಕು ಬರಲಿ."

ಎಲ್ಲರ ರೀಲು ಮುಗಿದವು. ಸಂಜೆ ಕಾಕಾ ಬಯಸಿದ ಬೆಳಕು ಬಂದೇಬಿಟ್ಟಿತು. ಅವರು ದೋತರ ಇಳಿಸಿ ಕ್ಯಾಮೆರಾಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಕೊನೆಯ ಬಸ್ಸು ತಪ್ಪುತ್ತದೆಂದು ಗೆಳೆಯರು ಕೂಗಿದರು. ಓಡುತ್ತ ಓಡುತ್ತ ಕಾಕಾ ಹೇಳಿದರು, "ಮುಂದಿನ ಸಲ ನಾವಿಬ್ಬರೇ ಬರೋಣ."

ಮುಂದಿನ ಸಲ ಬರಲಿಲ್ಲ. ಆ ಮಳೆಗಾಲದಲ್ಲಿ ಕಾಕುವಿಗೆ ಕಾಮಾಲೆಯಾಯಿತು. ಔಷಧ ಹತ್ತಲಿಲ್ಲ. ದೀಪಾವಳಿ ನೋಡದೆ ಹೋಗಿಬಿಟ್ಟಳು.

ವೈಕುಂಠ ಸಮಾರಾಧನೆಯ ದಿನ ಹಾರ ಹಾಕಲು ಫೋಟೋ ಬೇಕಲ್ಲ? ಊರಿಗೆಲ್ಲ ಫೋಟೋಗ್ರಾಫರ್ ಆದವರ ಮನೆಯಲ್ಲಿ ಹೆಂಡತಿಯ ಫೋಟೋ ಒಂದೂ ಇರಲಿಲ್ಲ! ಕಾಕಾ ತಮ್ಮ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಅತ್ತರು, ಎಲ್ಲರ ಎದುರಿಗೇ, ಮಕ್ಕಳ ಹಾಗೆ. ಆಗ ಗೆಳೆಯರು ಔರಂಗಾಬಾದಿನ ಪ್ರತಿಗಳನ್ನು ತಂದರು. ಅವರಲ್ಲೊಬ್ಬರು ತಲೆತಗ್ಗಿಸಿ, "ಎಲ್ಲಾ ಕೆಟ್ಟಾವ್ರೀ. ವಹಿನಿ ಒಂದರಾಗೂ ನಮ್ಮ ಕಡೆ ನೋಡಿಲ್ಲ" ಎಂದರು.

ನಿಜ. ಎಡಗಡೆಯಿಂದ ತೆಗೆದದ್ದಿರಲಿ, ಬಲಗಡೆಯಿಂದ ತೆಗೆದದ್ದಿರಲಿ, ಎಲ್ಲದರಲ್ಲೂ ಕಾಕು ನೋಡುತ್ತಿದ್ದುದು ದೋತರ ಹಿಡಿದು ನಿಂತವರ ಕಡೆ.

ಕಾಕಾ ಒಂದೊಂದನ್ನೂ ಬಹಳ ಹೊತ್ತು ನೋಡಿದರು. "ಕೆಟ್ಟಿಲ್ಲ" ಎಂದರು.

ಒಂದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ತಮ್ಮ ಕುರ್ಚಿಯನ್ನು ಅದರ ಎದುರಿಗಿಡದೆ ಓರೆಯಾಗಿ, ಕಾಕುವಿನ ನೋಟ ಹೋಗುವ ಮೂಲೆಗೆ ಎಳೆದರು. ಬಂದವರು ಇದೂ ಅವರ ಹುಚ್ಚೇ ಎಂದುಕೊಂಡರು. ಒಂದು ಮಧ್ಯಾಹ್ನ ನಾನು ಆ ಕುರ್ಚಿಯಲ್ಲಿ ಕೂತು ನೋಡಿದೆ. ಕಿಟಕಿಯ ಬಿಸಿಲಿಗೆ ಗಾಜು ಹೊಳೆಯುತ್ತಿತ್ತು, ಮುಖವೇ ಕಾಣಲಿಲ್ಲ.

"ಕಾಕಾ, ಇಲ್ಲಿಂದ ಕಾಕು ಕಾಣೋದೇ ಇಲ್ಲಲ್ಲ?"

"ತಡಿ, ಬೆಳಕು ಬರಲಿ."

ನಾನು ನಗಲಿಲ್ಲ. ಕುರ್ಚಿ ಬಿಟ್ಟುಕೊಟ್ಟು ಅವರ ಕಾಲ ಬಳಿ ನೆಲದ ಮೇಲೆ ಕೂತೆ. ಹೊತ್ತು ಇಳಿಯಿತು. ಗಾಜಿನ ಹೊಳಪು ಮೆಲ್ಲಗೆ ಸರಿದು ಹಸಿರು ಸೀರೆಯ ಜಾಗ ಕಂಡಿತು, ಆಮೇಲೆ ಕೆನ್ನೆ, ಆಮೇಲೆ ಕಣ್ಣು.

ಕಾಕಾ ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡರು.

"ನೋಡು," ಎಂದರು, "ಇನ್ನೂ ಕೈ ನೋಯ್ತಾವೇನು ಅಂತ ಕೇಳ್ತಾಳ."