ನಾಲ್ಕು ಅಂಕ ಬರುವವರೆಗೆ ಬೆಳಗೊಳ ಬೇಡ

ಇಂದ,
ಚಿಕ್ಕಸ್ವಾಮಿ, ಸಹ ಶಿಕ್ಷಕ
(ನೇಮಕವಾದದ್ದು ಕನ್ನಡಕ್ಕೆ; ಬೇರೆ ಯಾರೂ ಸಿಗದ ಕಾರಣ ಮೂರು ವರ್ಷದಿಂದ ಇಂಗ್ಲಿಷಿಗೂ),
ಪ್ರೌಢಶಾಲೆ, ಅಂಕನಕೊಪ್ಪಲು,
ಹೊಣಕೆರೆ ಹೋಬಳಿ, ನಾಗಮಂಗಲ ತಾಲ್ಲೂಕು.

ಗೆ,
ನನ್ನ ನಿಯೋಜನೆ ಆದೇಶದ ಕೆಳಗೆ ಯಾರೂ ಓದಲಾಗದಂತೆ ಸಹಿ ಮಾಡಿರುವ ಮಾನ್ಯ ಅಧಿಕಾರಿಗಳು.

(ಮೂಲಕ: ಮುಖ್ಯೋಪಾಧ್ಯಾಯರು. ಓದಿದರೆ ಸಹಿ ಹಾಕಲು ಆಗುವುದಿಲ್ಲ ಎಂದು ಅವರೇ ಹೇಳಿ, ಓದದೆ ಸಹಿ ಹಾಕಿದ್ದಾರೆ.)

ದಿನಾಂಕ: ೧೨-೨-೧೯೯೬

ವಿಷಯ: ನನ್ನನ್ನು ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದ ಕಡೆಗೆ ಕಳಿಸುವುದನ್ನು ಹತ್ತನೇ ತರಗತಿಯ ಇಂಗ್ಲಿಷ್ ಪರೀಕ್ಷೆ ಮುಗಿಯುವವರೆಗೆ ತಡೆಹಿಡಿಯುವ ಬಗ್ಗೆ.

ಉಲ್ಲೇಖ:
೧. ತಮ್ಮ ಆದೇಶ, ದಿನಾಂಕ ೭-೨-೧೯೯೬.
೨. ಈ ವರ್ಷದಿಂದ ಬದಲಾಗಿರುವ ಇಂಗ್ಲಿಷ್ ಪ್ರಶ್ನೆಪತ್ರಿಕೆ (ಮಾದರಿ ಪ್ರತಿ ಇನ್ನೂ ನಮ್ಮ ಶಾಲೆಗೆ ತಲುಪಿಲ್ಲ).
೩. ನಮ್ಮ ಶಾಲೆಯ ಜವಾನ ಕುಳ್ಳಯ್ಯನ ಟಪಾಲು ಪುಸ್ತಕ, ಪುಟ ೬೧ರಿಂದ ೬೩.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು "ವಿದ್ಯಾರ್ಥಿಗಳನ್ನು ಪ್ರಚೋದಿಸಿ ವಿವಿಧ ಇಲಾಖೆಗಳಿಗೆ ಸುಳ್ಳು ಅರ್ಜಿಗಳನ್ನು ಸಲ್ಲಿಸಿದ್ದೇನೆ" ಎಂದು ತಾವು ಬರೆದಿದ್ದೀರಿ. ಅರ್ಜಿಗಳು ಸಲ್ಲಿಕೆಯಾಗಿರುವುದು ನಿಜ. ಪ್ರಚೋದಿಸಿದ್ದೂ ಒಂದು ಲೆಕ್ಕದಲ್ಲಿ ನಿಜ. ಸುಳ್ಳು ಎಂಬುದು ಒಂದೇ ಒಂದು ಅರ್ಜಿಯ ಮಟ್ಟಿಗೆ ನಿಜ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಈ ಕೆಳಗೆ ನಿವೇದಿಸಿಕೊಂಡಿದ್ದೇನೆ.

೧. ಹೋದ ವರ್ಷದವರೆಗೆ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಷ್ಟವಿರಲಿಲ್ಲ. ಗೈಡಿನಲ್ಲಿ ಒಂದು ಪತ್ರವಿತ್ತು: ಬೇಲೂರು ಹಳೇಬೀಡಿಗೆ ಶಾಲೆಯ ಪ್ರವಾಸ ಹೊರಟಿದೆ, ಅಪ್ಪಾ ಅನುಮತಿ ಕೊಡಿ ಎಂದು. ಅದನ್ನು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಮಕ್ಕಳು ಉರು ಹೊಡೆಯುತ್ತಿದ್ದರು. ಹೀಗೆ ಅಂಕನಕೊಪ್ಪಲಿನಿಂದ ಪ್ರತಿ ವರ್ಷ ನಲವತ್ತು ಮಕ್ಕಳು ಒಂದೇ ದಿನ, ಒಂದೇ ಮಾತಿನಲ್ಲಿ ಪ್ರವಾಸಕ್ಕೆ ಅನುಮತಿ ಬೇಡಿದ್ದಾರೆ. ನಮ್ಮ ಶಾಲೆಯಿಂದ ಇದುವರೆಗೂ ಯಾವ ಪ್ರವಾಸವೂ ಹೊರಟಿಲ್ಲ. ಪಾಸಾಗುತ್ತಿದ್ದವರು ಒಂಬತ್ತೋ ಹತ್ತೋ ಜನ. ಮಿಕ್ಕವರು ಉರು ಹೊಡೆದದ್ದನ್ನು ಅರ್ಧದಲ್ಲಿ ಮರೆತು, ಹಳೇಬೀಡಿನಲ್ಲೇ ಉಳಿದುಬಿಡುತ್ತಿದ್ದರು.

೨. ಈ ವರ್ಷ ಪರೀಕ್ಷೆ ಬದಲಾಯಿತು. ಹೊಸ ಪದ್ಧತಿಯನ್ನು ತಿಳಿಸಿಕೊಡಲು ಪಾಂಡವಪುರದಲ್ಲಿ ಒಂದು ದಿನದ ತರಬೇತಿ ಇತ್ತು. ತರಬೇತಿ ಕೊಟ್ಟವರು ಇಂಗ್ಲಿಷಿನಲ್ಲೇ ಮಾತಾಡಿದ ಕಾರಣ ನಾವು ಊಟದವರೆಗೆ ತಲೆ ಆಡಿಸಿದೆವು, ಊಟದ ಮೇಲೆ ತೂಕಡಿಸಿದೆವು. ನನಗೆ ಗಟ್ಟಿಯಾಗಿ ತಿಳಿದದ್ದು ಎರಡು. ಒಂದು, ಮಕ್ಕಳು ಹಿಂದೆಂದೂ ಕಾಣದ ಒಂದು ಗದ್ಯವನ್ನು ಕೊಟ್ಟು, ಓದಿ ಉತ್ತರಿಸಿ ಎನ್ನುತ್ತಾರೆ. ಎರಡು, ಪತ್ರವನ್ನು ಮಗು ತಾನೇ, ತನ್ನ ಮಾತಿನಲ್ಲಿ, ತನ್ನ ಊರಿನ ಸಂಗತಿ ಹಿಡಿದು ಬರೆಯಬೇಕು. ಗೈಡು ಉಪಯೋಗಕ್ಕಿಲ್ಲ. ನಾನೂ ಅಷ್ಟೇನೂ ಉಪಯೋಗಕ್ಕಿಲ್ಲ ಎಂಬುದು ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಏಕೆಂದರೆ ನಾನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲಿ ಒಮ್ಮೆ ಫೇಲಾಗಿ, ಅಕ್ಟೋಬರಿನಲ್ಲಿ ಪಾಸಿಗೆ ಬೇಕಾದ ಮೂವತ್ತೈದನ್ನಷ್ಟೇ ತೆಗೆದು ದಾಟಿದವನು. ಇದು ನನ್ನ ಹೆಂಡತಿಗೆ ಗೊತ್ತಿಲ್ಲ. ಕಾರಣ ಈ ಅರ್ಜಿಯ ಪ್ರತಿಯನ್ನು ನನ್ನ ಮನೆ ವಿಳಾಸಕ್ಕೆ ಕಳಿಸಬಾರದಾಗಿ ಕೋರುತ್ತೇನೆ.

೩. ಆದರೂ ಬಿಡಲಿಲ್ಲ. ಹತ್ತನೇ ತರಗತಿಯ ನಲವತ್ತೊಂದು ಮಕ್ಕಳಿಗೂ ಒಂದೊಂದು ಬಿಳಿ ಹಾಳೆ ಕೊಟ್ಟು, "ನಿಮ್ಮ ಮನೆಯಲ್ಲೋ ಊರಿನಲ್ಲೋ ಏನು ತೊಂದರೆ ಇದೆಯೋ, ಅದನ್ನು ಯಾರಿಗೆ ಹೇಳಬೇಕೋ ಅವರಿಗೆ ಇಂಗ್ಲಿಷಿನಲ್ಲಿ ಬರೆಯಿರಿ. ವಿಳಾಸ ಸರಿಯಾಗಿರಲಿ, ವಿಳಾಸಕ್ಕೇ ಒಂದು ಅಂಕ" ಎಂದೆ. ಮಕ್ಕಳು ಬರೆದರು. ಹಾಲಿನ ಡೈರಿಯ ಹಿಂದೆ ವಾಲಿದ ಕರೆಂಟು ಕಂಬ, ನಿಲ್ಲಿಸದೆ ಹೋಗುವ ಬೆಳಗಿನ ಬಸ್ಸು, ಅಜ್ಜಿಯ ಪಿಂಚಣಿ ಕಾಗದದಲ್ಲಿ ತಾತನ ಹೆಸರು. ತಪ್ಪುಗಳು ಬೇಕಾದಷ್ಟಿದ್ದವು. ಆದರೆ ನನ್ನ ಹದಿನೇಳು ವರ್ಷದ ನೌಕರಿಯಲ್ಲಿ ನಲವತ್ತೊಂದು ಮಕ್ಕಳು ನಲವತ್ತೊಂದು ಬೇರೆ ಬೇರೆ ವಿಷಯ ಬರೆದದ್ದನ್ನು ನಾನು ಅದೇ ಮೊದಲು ನೋಡಿದ್ದು. ತುಂಬಾ ಖುಷಿಯಾಯಿತು. ಮಾರನೇ ದಿನ ತಿದ್ದೋಣವೆಂದು ಕಟ್ಟನ್ನು ಮೇಜಿನ ಮೇಲಿಟ್ಟು ಮನೆಗೆ ಹೋದೆ.

೪. ಮಾರನೇ ದಿನ ನನಗೆ ಜ್ವರ. ಅದೇ ದಿನ ಕುಳ್ಳಯ್ಯ ತನ್ನ ಕರ್ತವ್ಯ ನಿರ್ವಹಿಸಿದ. ಕುಳ್ಳಯ್ಯನನ್ನು ತಾವು ಬಲ್ಲಿರೋ ಇಲ್ಲವೋ, ತಮ್ಮ ಕಚೇರಿಯ ಟಪಾಲು ಗುಮಾಸ್ತರು ಚೆನ್ನಾಗಿ ಬಲ್ಲರು. ಮೇಜಿನ ಮೇಲೆ ವಿಳಾಸ ಬರೆದ ಕಾಗದ ಕಂಡರೆ, ಅದನ್ನು ಟಪಾಲು ಪುಸ್ತಕಕ್ಕೆ ಏರಿಸಿ, ಆಯಾ ಕಚೇರಿಗೆ ಮುಟ್ಟಿಸಿ, ಸಹಿ ಸೀಲು ಹಾಕಿಸಿಕೊಂಡು ಬರದಿದ್ದರೆ ಅವನಿಗೆ ಅನ್ನ ಸೇರುವುದಿಲ್ಲ. ನಲವತ್ತೊಂದನ್ನೂ ಚೀಲಕ್ಕೆ ತುಂಬಿಕೊಂಡು, ಸೈಕಲ್ಲು ಹತ್ತಿ, ನಾಗಮಂಗಲದ ಕಚೇರಿ ಕಚೇರಿ ಸುತ್ತಿ, ಸಾಯಂಕಾಲದೊಳಗೆ ಎಲ್ಲವನ್ನೂ ಮುಟ್ಟಿಸಿದ. ನಾನು ಕೇಳಿದಾಗ ಅವನು ಹೇಳಿದ್ದು ಇಷ್ಟು:

"ಅಡ್ರೆಸ್ ಬರ್ದು ಮಡಗಿದ್ರಿ ಸಾ. ಇಪ್ಪತ್ತಾರು ವರ್ಸ ಆಯ್ತು, ಅಡ್ರೆಸ್ ಇರೋ ಕಾಗ್ದಾನ ನಾನು ಒಂದಿನಾನೂ ಕೂರುಸ್ಕೊಂಡೋನಲ್ಲ. ನೀವು ಬ್ಯಾಡ ಅನ್ನಂಗಿದ್ರೆ ಅಡ್ರೆಸ್ ಯಾಕ್ ಬರುಸ್ತಿದ್ರಿ?"

ವಿಳಾಸಕ್ಕೆ ಒಂದು ಅಂಕ ಇಟ್ಟವನು ನಾನೇ ಆದ್ದರಿಂದ ಟಪಾಲು ಪುಸ್ತಕವನ್ನು ಅವನ ಕೈಗೇ ಹಿಂದಿರುಗಿಸಿದೆ.

೫. ಸದರಿ ಸುಳ್ಳು ಅರ್ಜಿಯ ಬಗ್ಗೆ. ದಿಲೀಪ್ ಎಂಬ ವಿದ್ಯಾರ್ಥಿ ತರಗತಿಗೇ ಜಾಣ. ಊರಿನಲ್ಲಿ ಅವನಿಗೆ ಯಾವ ತೊಂದರೆಯೂ ಕಾಣಲಿಲ್ಲ. ತೊಂದರೆಯಿಲ್ಲದೆ ಅಂಕ ಬರುವುದಿಲ್ಲವೆಂದು, ಊರಿಗೆ ಕಾಲರಾ ಬಂದಿದೆ ಎಂದು ಆರೋಗ್ಯಾಧಿಕಾರಿಗಳಿಗೆ ಬರೆದ. ನಲವತ್ತೊಂದರಲ್ಲಿ ಅವನದೇ ಅತ್ಯಂತ ಶುದ್ಧವಾದ ಇಂಗ್ಲಿಷು. ಅದರಲ್ಲಿದ್ದ ತಪ್ಪು ಒಂದೇ, ಊರಿನಲ್ಲಿ ಕಾಲರಾ ಇರಲಿಲ್ಲ. ಮೂರನೇ ದಿನ ಜೀಪು ಬಂತು. ಬಾವಿಗೆ ಬ್ಲೀಚಿಂಗ್ ಪೌಡರು ಬಿತ್ತು. ಮೊದಲ ಸೂಜಿ ಬಿದ್ದದ್ದು ದಿಲೀಪನ ಅಜ್ಜಿ ಪುಟ್ಟತಾಯಮ್ಮನಿಗೆ.

"ನಂಗೇನಾಗದೆ ಅಂತ ಚುಚ್ತೀಯ ಮಗ?" ಎಂದು ಆಕೆ ಡಾಕ್ಟರನ್ನು ಕೇಳಿದರು.

"ನಿಮ್ಮ ಮೊಮ್ಮಗನೇ ಬರೆದಿದ್ದಾನಲ್ಲಜ್ಜಿ, ಊರಿಗೆಲ್ಲಾ ಕಾಲರಾ ಅಂತ."

"ಅವ್ನು ಬರುದ್ನಾ? ಅಂಗಾರೆ ಇರ್ತದೆ. ಓದಿರೋನು. ಚುಚ್ಚು" ಎಂದು ಇನ್ನೊಂದು ತೋಳನ್ನೂ ಕೊಟ್ಟರು.

ಈ ಬಾಬ್ತು ತಪ್ಪು ನನ್ನದೇ. ಕ್ಷಮೆ ಕೋರುತ್ತೇನೆ. ಡಾಕ್ಟರು ಹಿಂದಿರುಗಿಸಿದ ಕಾಗದವನ್ನು ತಿದ್ದಿ ದಿಲೀಪನಿಗೆ ಹತ್ತಕ್ಕೆ ಎಂಟು ಕೊಟ್ಟಿದ್ದೇನೆ, ಅದನ್ನು ಹಿಂದಕ್ಕೆ ಪಡೆಯಲು ಮನಸ್ಸಿಲ್ಲ.

೬. ಮಿಕ್ಕ ಕಚೇರಿಗಳಿಂದ ಬಂದ ಉತ್ತರಗಳ ಸಾರಾಂಶ: ಆಡಳಿತ ಭಾಷೆ ಕನ್ನಡವಾಗಿರುವ ಕಾರಣ ಇಂಗ್ಲಿಷಿನ ಅರ್ಜಿಯನ್ನು ಪರಿಗಣಿಸಲು ಬರುವುದಿಲ್ಲ, ಕನ್ನಡದಲ್ಲಿ ಬರೆದು ಕಳಿಸಿ. ಕನ್ನಡ ಮೇಷ್ಟ್ರಾಗಿ ನನಗೆ ಇದು ಹೆಮ್ಮೆಯ ಸಂಗತಿ. ಇಂಗ್ಲಿಷ್ ಮೇಷ್ಟ್ರಾಗಿ ಸ್ವಲ್ಪ ಬೇಜಾರಾಯಿತು. ಬೆಳಗಿನ ಬಸ್ಸು ಮಾತ್ರ ಯಾವ ಉತ್ತರವನ್ನೂ ಕೊಡದೆ, ಅದರ ಮರುವಾರದ ಸೋಮವಾರದಿಂದ ನಮ್ಮ ಆಲದಮರದ ಹತ್ತಿರ ನಿಲ್ಲತೊಡಗಿದೆ.

೭. ಇನ್ನು ಮುಖ್ಯ ವಿಚಾರ. ನಲವತ್ತೊಂದನೆಯ ಕಾಗದ ನಾಗಮಂಗಲದ ಯಾವ ಕಚೇರಿಗೂ ಸೇರಿದ್ದಲ್ಲ. ಅದರ ವಿಳಾಸ, ಶ್ರೀ ಚಲುವರಾಜು, ಕಾರ್ಯದರ್ಶಿ, ಹಾಲು ಉತ್ಪಾದಕರ ಸಂಘ, ಅಂಕನಕೊಪ್ಪಲು. ಬರೆದವಳು ಅವರ ಮಗಳು ರಂಜಿತ. ಈ ಹುಡುಗಿ ದಿನಾ ಬೆಳಿಗ್ಗೆ ಡೈರಿಯಲ್ಲಿ ಲ್ಯಾಕ್ಟೋಮೀಟರು ಹಿಡಿದು ಊರಿನವರ ಹಾಲನ್ನೆಲ್ಲ ಪರೀಕ್ಷಿಸಿ, ಕೈ ತೊಳೆದುಕೊಂಡು, ಎರಡನೇ ಪೀರಿಯಡ್ಡಿಗೆ ಶಾಲೆಗೆ ಬರುತ್ತಾಳೆ. ಹತ್ತನೇ ತರಗತಿ ಮುಗಿದ ಮೇಲೆ ಅವಳು ಡೈರಿಯಲ್ಲೇ ಎಂದು ಅಪ್ಪ ತೀರ್ಮಾನಿಸಿದ್ದರು. ಕುಳ್ಳಯ್ಯ ಹಿಂದಕ್ಕೆ ಬರುವಾಗ ಆ ಕಾಗದವನ್ನು ಅವರಿಗೆ ಕೊಟ್ಟು, ಟಪಾಲು ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡ. ರಂಜಿತ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೇ ದಿನ ಚಲುವರಾಜು ಬಂದರು.

"ಮೇಷ್ಟ್ರೇ, ಇದುನ್ನ ಓದಿ ಏಳಿ. ನಂಗೆ ಇಂಗ್ಲೀಸಲ್ಲಿ ಲೀಟ್ರು ಗೊತ್ತು, ಫ್ಯಾಟು ಗೊತ್ತು. ಕೆಳುಗೆ ನನ್ ಮಗಳ್ ಹೆಸ್ರು ಅದೆ. ಗೌರ್ಮೆಂಟ್ ಪುಸ್ತುಕ್ದಲ್ಲಿ ಸೈನ್ ಬ್ಯಾರೆ ಆಕ್ಬುಟ್ಟಿವ್ನಿ. ಸೈನ್ ಆಕುದ್ಮೇಲೆ ಉತ್ರ ಕೊಡ್ಬೇಕಲ್ವ?"

ಓದಿದೆ. ನನಗೆ ಭಯವಾಯಿತು, ಮಾನ್ಯರೇ. ಹಾಗಾಗಿ ಹಳೇ ಗೈಡನ್ನು ನೆನೆಸಿಕೊಂಡು, "ಪ್ರವಾಸಕ್ಕೆ ಹೋಗ್ತೀನಿ, ಅನುಮತಿ ಕೊಡಿ ಅಂತ ಬರೆದಿದ್ದಾಳೆ" ಎಂದೆ. ಅವರು ಕಾಗದದ ಸಾಲುಗಳನ್ನು ಬೆರಳಿಟ್ಟು ಎಣಿಸಿದರು.

"ಅನ್ನೊಂದ್ ಸಾಲವೆ. ನೀವು ಒಂದ್ ಸಾಲ್ ಏಳುದ್ರಿ. ಕೆನೆ ತಗುದ್ಬುಟ್ಟು ಕೊಡ್ಬೇಡಿ ಮೇಷ್ಟ್ರೇ, ಇದ್ದದ್ ಇದ್ದಂಗೆ ಏಳಿ."

ಇದ್ದದ್ದು ಇದ್ದ ಹಾಗೆ ಕನ್ನಡದಲ್ಲಿ ಹೇಳಿದೆ. ಅದು ಹೀಗಿತ್ತು: "ಅಪ್ಪ, ಈ ಊರಿನಲ್ಲಿ ಯಾರ ಹಾಲು ಹೇಗಿದೆ ಎಂದು ನನಗೆ ಗೊತ್ತು. ನನಗೆ ಏನು ಇಷ್ಟ ಎಂದು ಯಾರಿಗೂ ಗೊತ್ತಿಲ್ಲ. ನನಗೆ ಬಸ್ಸಿನಲ್ಲಿ ಕಾಲೇಜಿಗೆ ಹೋಗಲು ಇಷ್ಟ. ದಯವಿಟ್ಟು ಅನುಮತಿ ಕೊಡಿ. ಬಸ್ಸು ಬರುವವರೆಗೆ ನಾನು ಹಾಲು ಪರೀಕ್ಷೆ ಮಾಡುತ್ತೇನೆ. ಇಂತಿ ನಿಮ್ಮ ವಿಧೇಯ ಮಗಳು."

ಚಲುವರಾಜು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ, "ನಾನು ಕಾಲೇಜ್ ಬ್ಯಾಡ ಅಂತ ಯಾವತ್ತೂ ಅಂದೋನಲ್ಲ ಮೇಷ್ಟ್ರೇ. ಅವ್ಳು ಕೇಳೇ ಇಲ್ಲ" ಎಂದರು. ಇಂಗ್ಲಿಷಿನಲ್ಲಾದರೂ ಕೇಳಿದಳಲ್ಲ ಎನ್ನಿಸಿತು. ಮೇಷ್ಟ್ರು ಅಳಬಾರದೆಂದು ಎದ್ದು ಹೋಗಿ ಕರಿಹಲಗೆ ಒರೆಸಿದೆ. ಅದರ ಮೇಲೆ ಏನೂ ಬರೆದಿರಲಿಲ್ಲ.

ಆದರೂ ಅವರು ಡೈರಿ ಕಾರ್ಯದರ್ಶಿ. ಸಂಘದ ಕಾಗದದ ಮೇಲೆಯೇ ಉತ್ತರ ಬರೆದು, ಸೀಲು ಒತ್ತಿ ಕೊಟ್ಟರು: ಮಗಳು ಇಂಗ್ಲಿಷಿನಲ್ಲಿ ಪಾಸಾದರೆ ಕಾಲೇಜು, ಫೇಲಾದರೆ ಡೈರಿ. ನಮ್ಮ ಶಾಲೆಯ ಇಂಗ್ಲಿಷ್ ಫಲಿತಾಂಶ ಅವರಿಗೂ ಗೊತ್ತು. ಆದ್ದರಿಂದ ಸೀಲು ಒತ್ತುವಾಗ ಅವರ ಮುಖದಲ್ಲಿ ಅಂಥ ಗಾಬರಿಯೇನೂ ಇರಲಿಲ್ಲ.

೮. ಬೆಳಗೊಳದ ಬಗ್ಗೆ ನನ್ನ ತಕರಾರಿಲ್ಲ. ತಾವು ಶಿಕ್ಷೆಯೆಂದು ಕೊಟ್ಟಿದ್ದೀರಿ, ನನ್ನ ಹೆಂಡತಿ ಜಯಲಕ್ಷ್ಮಮ್ಮ ವರವೆಂದು ತಿಳಿದಿದ್ದಾಳೆ. "ಡ್ಯಾಮ್ ಕಟ್ಟೆ ಪಕ್ಕ ಕಣ್ರೀ, ನಲ್ಲೀಲಿ ನೀರು ಬರ್ತದಂತೆ. ಮೈಸೂರು ಅನ್ನೋದು ಇಲ್ಲೇ ಅಂದ್ರೆ ಇಲ್ಲೇ. ಬ್ಯಾರೆ ಮೇಷ್ಟ್ರುಗಳು ಯಾರ್ ಯಾರ್ ಕೈಕಾಲೋ ಇಡ್ಕೊಂಡ್ರೂ ಸಿಕ್ಕಲ್ಲ, ನಿಮ್ಗೆ ಕಾಲರಾ ಬರ್ದು ಸಿಕ್ಬುಡ್ತು" ಎಂದು ಪಾತ್ರೆ ಕಟ್ಟಲು ಶುರುಮಾಡಿದ್ದಾಳೆ. ನಾನು ಹೀಗೊಂದು ಅರ್ಜಿ ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಎರಡನೇ ಅಂಶದಲ್ಲಿ ಮನೆ ವಿಳಾಸದ ಬಗ್ಗೆ ಕೋರಿರುವುದಕ್ಕೆ ಇದೂ ಒಂದು ಕಾರಣ.

೯. ರಂಜಿತ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತೆಗೆದದ್ದು ಇಪ್ಪತ್ತೆರಡು. ಕಾಗದದ ಪ್ರಕರಣವಾದ ಮೇಲೆ ನಾನು ಕೊಟ್ಟ ಪರೀಕ್ಷೆಯಲ್ಲಿ ಮೂವತ್ತೊಂದು. ಪಾಸಿಗೆ ಮೂವತ್ತೈದು. ಆ ನಾಲ್ಕು ಅಂಕ ಇರುವುದು ಕಾಣದ ಗದ್ಯ ಓದುವುದರಲ್ಲಿ. ಕಂಡರಿಯದ ಕಾಗದವನ್ನು ನೋಡಿದರೆ ಅವಳು ಹೆದರುತ್ತಾಳೆ, ಹೆದರಿದರೆ ಓದುವುದಿಲ್ಲ. ಈಗ ದಿನಾ ಬೆಳಿಗ್ಗೆ ನಾನೇ ಡೈರಿಗೆ ಹೋಗಿ, ಪಶು ಆಹಾರದ ಚೀಲದ ಮೇಲೆ, ಔಷಧಿ ಡಬ್ಬದ ಮೇಲೆ ಇಂಗ್ಲಿಷಿನಲ್ಲಿ ಏನೇನು ಅಚ್ಚಾಗಿದೆಯೋ ಅದನ್ನೆಲ್ಲ ಅವಳಿಂದ ಓದಿಸುತ್ತಿದ್ದೇನೆ. ಊರಿನಲ್ಲಿದ್ದ ಡಬ್ಬಗಳೆಲ್ಲ ಮೊನ್ನೆಗೆ ಮುಗಿದವು. ಪರೀಕ್ಷೆಗೆ ಇನ್ನು ಏಳು ವಾರ. ನನ್ನ ಜಾಗಕ್ಕೆ ತಾವು ಯಾರನ್ನೂ ಹಾಕಿಲ್ಲ.

ಕಾರಣ, ನಾನು ಒಳ್ಳೆಯ ಇಂಗ್ಲಿಷ್ ಮೇಷ್ಟ್ರೆಂದು ಅಲ್ಲ, ಇರುವವನು ನಾನೊಬ್ಬನೇ ಎಂಬುದನ್ನು ಪರಿಗಣಿಸಿ, ಪರೀಕ್ಷೆ ಮುಗಿಯುವವರೆಗೆ ನನ್ನನ್ನು ಇಲ್ಲೇ ಬಿಡಬೇಕಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಆಮೇಲೆ ಬೆಳಗೊಳಕ್ಕಾಗಲಿ, ಅದಕ್ಕಿಂತ ಘೋರ ಶಿಕ್ಷೆಯಾಗಿ ನೇರವಾಗಿ ಮೈಸೂರಿಗೇ ಆಗಲಿ, ಹೋಗಲು ಸಿದ್ಧನಿದ್ದೇನೆ.

ತಮ್ಮ, ಇನ್ನೂ ಬಿಡುಗಡೆಯಾಗದ, ವಿಶ್ವಾಸಿ,
ಚಿಕ್ಕಸ್ವಾಮಿ

ಲಗತ್ತುಗಳು:
೧. ಟಪಾಲು ಪುಸ್ತಕದ ಪುಟ ೬೧ರಿಂದ ೬೩ರ ನಕಲು. (ಮೂಲ ಪುಸ್ತಕವನ್ನು ಕುಳ್ಳಯ್ಯ ಕೊಡಲಿಲ್ಲ.)
೨. ಅಂಕನಕೊಪ್ಪಲಿನಲ್ಲಿ ಕಾಲರಾ ಇಲ್ಲವೆಂಬುದಕ್ಕೆ ಪುಟ್ಟತಾಯಮ್ಮನವರ ಹೆಬ್ಬೆಟ್ಟು.
೩. ಡೈರಿ ಕಾರ್ಯದರ್ಶಿಗಳ ಉತ್ತರ, ಸೀಲು ಸಹಿತ.
೪. ರಂಜಿತಳ ಕಾಗದ ಲಗತ್ತಿಸಿಲ್ಲ. ಅದನ್ನು ಅವಳ ಅಪ್ಪ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ, ಕೇಳಿದರೆ ಕೊಡುವುದಿಲ್ಲ.

ವಿಶೇಷ ಸೂಚನೆ: ಈ ಅರ್ಜಿಗೆ ತಮ್ಮ ಉತ್ತರವನ್ನು, ಆಡಳಿತ ಭಾಷೆಯ ನಿಯಮವನ್ನು ಈ ಒಂದು ಸಲಕ್ಕೆ ಬದಿಗಿಟ್ಟು, ಇಂಗ್ಲಿಷಿನಲ್ಲೇ ದಯಪಾಲಿಸಬೇಕು. ಲಕೋಟೆಯನ್ನು ನಾನು ಒಡೆಯದೆ ತರಗತಿಗೆ ಒಯ್ಯುತ್ತೇನೆ. ಮಕ್ಕಳಿಗೆ ಕಾಣದ ಗದ್ಯದ ಅಭ್ಯಾಸವಾಗುತ್ತದೆ. ನನ್ನ ಕೋರಿಕೆಯನ್ನು ತಿರಸ್ಕರಿಸುವುದಾದರೆ ಸರಳವಾದ ಪದಗಳಲ್ಲಿ ತಿರಸ್ಕರಿಸಬೇಕಾಗಿ ವಿನಂತಿ. ಎದ್ದು ನಿಂತು ಗಟ್ಟಿಯಾಗಿ ಓದುವವಳು ರಂಜಿತ.