ಡ್ರಮ್ಮಿನ ಮುಂದಿನ ಮೈಕು

ಕೊರಗಪ್ಪನ ಗ್ರಹಚಾರ ಕೆಟ್ಟದ್ದು ಅಂಗೈಯಗಲದ ಒಂದು ಮೈಕಿನಿಂದ. ಮಾಟುಂಗದ ಹೋಟೆಲಿನಲ್ಲಿ ಪಾತ್ರೆ ತೊಳೆದೂ ತೊಳೆದೂ ಅವನ ಬೆರಳ ಸಂದುಗಳೆಲ್ಲ ಕೊಳೆತುಹೋಗಿದ್ದವು. ಇನ್ನು ಆ ನೀರಿಗೆ ಕೈ ಹಾಕಿದರೆ ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಯಾರ್ಯಾರದೋ ಕಾಲು ಹಿಡಿದು ಬೈಕುಲ್ಲಾದ ರೆಕಾರ್ಡಿಂಗ್ ಸ್ಟುಡಿಯೊ ಒಂದರಲ್ಲಿ ಮೈಕು ಇಡುವ ಕೆಲಸಕ್ಕೆ ಸೇರಿದ್ದ. ಇವತ್ತಿನ ರೆಕಾರ್ಡಿಂಗ್ ಸುಸೂತ್ರವಾಗಿ ಮುಗಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಮತ್ತೆ ಪಾತ್ರೆ.

ರೆಕಾರ್ಡಿಂಗಾದರೂ ಎಂಥದ್ದು? ಪಿಕ್ಚರಿನಲ್ಲಿ ಒಬ್ಬನನ್ನು ಗಲ್ಲಿಗೇರಿಸುವಾಗ ಬಾರಿಸುವ ಡ್ರಮ್ಮು. ಸ್ಟುಡಿಯೊದಲ್ಲಿದ್ದದ್ದು ಎರಡೇ ಮೈಕು. ದೊಡ್ಡದರ ಒಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಪಟ್ಟಿ; ಡ್ರಮ್ಮಿನ ಗಾಳಿ ಬಡಿದರೆ ಹರಿದೇಹೋಗುವಂಥದ್ದು. ಅದನ್ನು ಪಿಟೀಲಿನವರ ಎದುರು ನಿಲ್ಲಿಸಿ, ಗಟ್ಟಿಮುಟ್ಟಾದ ಚಿಕ್ಕದನ್ನು ಸದ್ದು ತಡೆಯುವ ಅಡ್ಡಹಲಗೆಯ ಹಿಂದಿದ್ದ ಡ್ರಮ್ಮಿನ ಮುಂದಿಟ್ಟ. ಅಷ್ಟಕ್ಕೇ ಉಪದೇಶ ಶುರುವಾಯಿತು. ಕೋಲು ತಾಗುತ್ತದೆ, ದೂರ ಸರಿಸು ಎಂದ ಗೋವೆಯ ಡ್ರಮ್ಮರ್ ಕಾಯ್ತಾನ್. ಡ್ರಮ್ಮಿನ ಮೇಲಿನ ಕಂಚಿನ ತಟ್ಟೆಯ ನಾದ ಸಿಗಬೇಕು, ಮೇಲಕ್ಕೆತ್ತು ಎಂದ ಪಿಟೀಲಿನವನು. ಚಟ್ಟ ಕಟ್ಟುವಲ್ಲಿ ಸೇರಿದವರಂತೆ ಒಬ್ಬೊಬ್ಬರದೂ ಒಂದೊಂದು ಮಾತು. ಎಲ್ಲರ ಮಾತಿಗೂ ಹೂಂಗುಟ್ಟಿದ ಕೊರಗಪ್ಪ ಮೈಕನ್ನು ಎತ್ತಿ ಎತ್ತಿ, ಅದರ ತಲೆ ಹಲಗೆಯ ಮೇಲೆ ಇಣುಕುವಂತೆ ಮಾಡಿದ.

ಗಾಜಿನ ಕೋಣೆಯಲ್ಲಿ ಕೂತಿದ್ದ ರೆಕಾರ್ಡಿಸ್ಟ್ ಸಾಹೇಬರಿಗೆ ಅದು ಕಂಡಿತು. ಅವರ ದನಿ ಹಾಲ್‌ನ ಗೋಡೆಯ ಸ್ಪೀಕರಿನಲ್ಲಿ ಗುಡುಗಿತು.

"ಮೈಕ್ ಖಾಲಿ ಠೇವ್."

ಸಾಹೇಬರು ಪುಣೆಯವರು, ಬಾಯಿ ಬಿಟ್ಟರೆ ಮರಾಠಿ. ಠೇವ್ ಎಂದರೆ ಇಡು ಎಂಬಷ್ಟು ಮರಾಠಿ ಕೊರಗಪ್ಪನಿಗೂ ಬರುತ್ತಿತ್ತು. ಖಾಲಿ ಇಡು! ಮೈಕಿನ ಕಂಬಕ್ಕೆ ಕಾಯ್ತಾನ್ ನೇತುಹಾಕಿದ್ದ ಕೋಟನ್ನು ತೆಗೆದ. ಮತ್ತೆ ಗುಡುಗಿತು. ಪಕ್ಕದ ಕುರ್ಚಿಗಳನ್ನು ಹೊತ್ತು ಸಾಗಿಸಿದ. ಮತ್ತೂ ಗುಡುಗಿದಾಗ ಅವನಿಗೆ ಅಳುವೇ ಬಂತು.

ಮೂಲೆಯಲ್ಲಿ ಧಾರವಾಡದ ಗದಿಗೆಪ್ಪ ಕಣ್ಣು ಮುಚ್ಚಿ ಕೊಳಲು ಊದಿ ನೋಡುತ್ತಿದ್ದ. ಅವನಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಆದರೆ ಕೊರಗಪ್ಪ ಓಡಿಹೋಗಿ ಕೇಳಿದ್ದು ಕನ್ನಡದಲ್ಲಿ.

"ಅಣ್ಣ, ಖಾಲಿ ಅಂದ್ರೆ ಖಾಲಿಯೇ ಅಲ್ವಾ?"

"ಖಾಲಿ ಅಂದ್ರ ಖಾಲಿನ. ಅದರಾಗ ಕೇಳೂದೇನೈತೋ ತಮ್ಮಾ?"

ಕೊರಗಪ್ಪ ಮೈಕು, ಕಂಬ, ವೈರು ಎಲ್ಲವನ್ನೂ ಕಿತ್ತು ಮೂಲೆಗೆ ಒಯ್ದಿಟ್ಟ. ಹಲಗೆಯ ಮೇಲಿನ ತಲೆ ಮರೆಯಾದದ್ದು ನೋಡಿ ಸಾಹೇಬರಿಗೆ ಸಮಾಧಾನವಾಯಿತು. ಕೆಂಪು ದೀಪ ಹತ್ತಿತು.

ಡ್ರಮ್ಮಿನ ಸದ್ದು ಹಲಗೆ ದಾಟಿ, ಹಾಲ್ ದಾಟಿ, ದೊಡ್ಡ ಮೈಕಿಗೆ ಹೇಗೋ ಬಂದು ಸೇರಿತು. ರೆಕಾರ್ಡಾದದ್ದನ್ನು ಮತ್ತೆ ಹಾಕಿ ಕೇಳಿದರೆ, ಜೈಲಿನ ಕೋಣೆಯಲ್ಲಿ ಕೂತವನಿಗೆ ಗೋಡೆಯಾಚೆಯಿಂದ ತನ್ನ ಸಾವು ನಡೆದುಬರುವುದು ಕೇಳಿಸಿದಂತಿತ್ತು. ಸಾಹೇಬರ ಪಕ್ಕ ಕೂತಿದ್ದ ಪಿಕ್ಚರಿನ ಡೈರೆಕ್ಟರು ಕಣ್ಣೊರೆಸಿಕೊಂಡರು. ಹಿಗ್ಗಿನಿಂದ ಹೊರಬಂದ ಸಾಹೇಬರು ಹಲಗೆಯ ಹಿಂದೆ ಬಗ್ಗಿ ನೋಡಿದರೆ ಮೈಕೇ ಇಲ್ಲ. ಕೊರಗಪ್ಪ ತಡವರಿಸುತ್ತ ನಡೆದದ್ದನ್ನು ಹೇಳಿದ. ಗದಿಗೆಪ್ಪ ಹಣೆ ಚಚ್ಚಿಕೊಂಡು, ಮರಾಠಿಯ ಖಾಲಿ ಎಂದರೆ ಕೆಳಗೆ ಎಂದು ಬಿಡಿಸಿ ಹೇಳಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರು ಬೆನ್ನು ತಟ್ಟಿದಾಗ ಕೊರಗಪ್ಪನಿಗೆ ಹೋದ ಜೀವ ಬಂದಂತಾಯಿತು. ಬದುಕಿದೆ, ಕೆಲಸ ಕಾಯಂ ಎಂದುಕೊಂಡ.

ಗದ್ದಲ ಕೇಳಿ ಸ್ಟುಡಿಯೊದ ಮಾಲಿಕ ಸೇಟ್ ಮಹಡಿಯಿಂದ ಇಳಿದುಬಂದರು. ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ. ನಕ್ಕು ಮುಗಿಸಿ, ತಮ್ಮ ಹಿಂದಿಯಲ್ಲಿ ಸಾಹೇಬರನ್ನು ಒಂದೇ ಮಾತು ಕೇಳಿದರು: ಡ್ರಮ್ಮಿಗೆ ಮೈಕೇ ಬೇಡವಾದ ಮೇಲೆ, ಅದನ್ನು ಇಡುವುದಕ್ಕೆ ಈ ಮನುಷ್ಯ ಯಾಕೆ?

ಸಾಹೇಬರು ಗಾಜಿನ ಕೋಣೆಗೆ ಹಿಂತಿರುಗಿದರು.

ಸಂಜೆಯ ಲೋಕಲ್ ಹಿಡಿದು ಕೊರಗಪ್ಪ ಮಾಟುಂಗದಲ್ಲಿ ಇಳಿದ. ಹೋಟೆಲಿನ ಧಣಿ ಏನನ್ನೂ ಕೇಳದೆ ಹಿತ್ತಲ ಕಡೆಗೆ ಕೈ ತೋರಿಸಿದರು. ಅವನು ಅಂಗಿಯ ತೋಳು ಮಡಚಿ ಪಾತ್ರೆಯ ನೀರಿಗೆ ಕೈ ಹಾಕಿದ.